ವರದಾಳ ನೆಗಡಿ

ನೆಗಡಿಯನ್ನೂ ರೋಗ ಅನ್ನುವವರು ನಮ್ಮ ಕಡೆ ಯಾರಿದ್ದಾರೆ? ಒಂದು ಲೋಟ ಕಷಾಯ ಕುಡಿದು ಕೆಲಸಕ್ಕೆ ಹೋಗುವ ಜನ ನಾವು. ಆದರೆ ಬೈಲಹೊಂಗಲದ ದವಾಖಾನೆಯೊಂದರ ಲ್ಯಾಬಿನಲ್ಲಿ ದುಡಿಯುವ ವರದಾಗೆ ಹಾಗೆ ಅನ್ನುವ ಹಕ್ಕಿರಲಿಲ್ಲ.

ಆಕೆಯ ಕೈಯಲ್ಲಿ ಕಮಲಾಬಾಯಿಯ ರಿಪೋರ್ಟ್ ಇತ್ತು. ಮೂಗಿನಿಂದ ಕಡ್ಡಿಯಲ್ಲಿ ತೆಗೆದ ಸ್ವ್ಯಾಬಿನಲ್ಲಿ, ಗಟ್ಟಿಯಿದ್ದವರಿಗೆ ಬರೀ ನೆಗಡಿಯಾಗಿ ಮುದುಕರ ಎದೆಗೆ ಇಳಿಯುವ ಆರ್‌ಎಸ್‌ವಿ ವೈರಸ್. ಎಪ್ಪತ್ತರ ಜೀವ, ಮೊದಲೇ ದಮ್ಮಿನ ತ್ರಾಸು. ಇದೇ ದವಾಖಾನೆಯ ವಾರ್ಡಿನಲ್ಲಿ ಆಕ್ಸಿಜನ್ ಹಚ್ಚಿದರೂ ಉಸಿರು ಸಾಲುತ್ತಿರಲಿಲ್ಲ. ಒಂಬತ್ತು ದಿನದ ಹಿಂದೆ ವರದಾಳನ್ನು ಸೊಸೆ ಎಂದು ಒಪ್ಪಿದವಳು ಇದೇ ಕಮಲಾಬಾಯಿ.

ಅಂದು ಸವದತ್ತಿಯಿಂದ ತಾಯಿ-ಮಗ ಹೆಣ್ಣು ನೋಡಲು ಬಂದಿದ್ದರು. ಮಗ ಮುಕುಂದ, ನವಿಲುತೀರ್ಥದ ಡ್ಯಾಮಿನ ಆಫೀಸಿನಲ್ಲಿ ನೌಕರಿ. ವರದಾ ಚಹಾ ಕೊಡುವಾಗ ಕದ್ದು ನೋಡಿ ಮೆಲ್ಲಗೆ ಕೇಳಿದ್ದ: “ಮೂಗು ಕೆಂಪಾಗೇದಲ್ಲಾ, ನಾಚಿಕೀನೋ, ನೆಗಡೀನೋ?”

“ಎರಡೂ ರೀ,” ಅಂದು ವರದಾ ನಕ್ಕಿದ್ದಳು. ಅಯ್ಯೋ, ಆ ನಗೆಯೇ ಈಗ ಚುಚ್ಚುತ್ತಿತ್ತು.

ಕಮಲಾಬಾಯಿ ದೃಷ್ಟಿ ತೆಗೆದು ಲಟಿಕೆ ಮುರಿದು, ಕೆನ್ನೆ ಹಿಡಿದೆಳೆದು ಮುದ್ದು ಕೊಟ್ಟಿದ್ದಳು. ವರದಾ ಹಿಂದೆ ಸರಿದಾಗ, “ನೆಗಡಿಗ್ಯಾಕ ಅಂಜತೀಯ ನನ್ನವ್ವಾ!” ಎಂದು ಮತ್ತೊಂದು ಕೊಟ್ಟಳು. ಮರುದಿನ ಲ್ಯಾಬಿಗೆ ಬಂದ ಹೊಸ ಟೆಸ್ಟ್ ಕಿಟ್ ಸರಿಯಿದೆಯೇ ಎಂದು ನೋಡಲು ವರದಾ ತನ್ನ ಮೂಗಿಗೇ ಕಡ್ಡಿ ಹಾಕಿಕೊಂಡಿದ್ದಳು. ಬಂದದ್ದು ಆರ್‌ಎಸ್‌ವಿ. ಎಲ್ಲರಿಗೂ ಬರುವುದೇ ಎಂದು ಯಾರಿಗೂ ಹೇಳಲಿಲ್ಲ.

ಮುಕುಂದ ಲ್ಯಾಬಿನ ಬಾಗಿಲಿಗೆ ಬಂದ. “ಈ ಸುಡುಗಾಡು ಎಲ್ಲಿಂದ ಬಂತರೀ? ಆಯಿ ನಿಮ್ಮ ಮನಿ ಬಿಟ್ಟು ಎಲ್ಲೂ ಹೋಗಿಲ್ಲ.”

ಹವಾ ಬದಲಾಗಿದೆ ಅಂದಿದ್ದರೆ ನಂಬುತ್ತಿದ್ದ. ಲಗ್ನವೂ ಆಗುತ್ತಿತ್ತು. ವರದಾಗೆ ಆತನ ಮೇಲೆ ಮನಸ್ಸಾಗಿತ್ತು, ಅದಕ್ಕೇ ಸುಳ್ಳು ಬಾಯಿಗೆ ಬರಲಿಲ್ಲ.

“ನನ್ನಿಂದ ಬಂದಿರಬೇಕು. ನನಗೂ ಇದ ಇತ್ತು. ಮರುದಿನ ಗೊತ್ತಾತು, ಫೋನ್ ಮಾಡಿ ಹೇಳಬೇಕಿತ್ತು. ಹೇಳಲಿಲ್ಲ.”

ಆತ ಆಕೆಯ ಕೈಯಿಂದ ರಿಪೋರ್ಟ್ ತೆಗೆದುಕೊಂಡ. “ಖರೇ ಹೇಳಿದ್ರಿ,” ಅಂದು ವಾರ್ಡಿಗೆ ಹೋದ.

ಡಾಕ್ಟರು ಮಾತ್ರ, “ಊರ ತುಂಬ ಇದ ಅದವ್ವಾ, ಯಾರದು ಯಾರಿಗೆ ಹತ್ತಿತೋ ಹ್ಯಾಂಗ ಹೇಳೂದು?” ಅಂದರು. ವರದಾಗೆ ಅದರಿಂದ ಸಮಾಧಾನವಾಗಲಿಲ್ಲ.

ಮರುದಿನ ಮಧ್ಯಾಹ್ನ ಕಮಲಾಬಾಯಿ ತೀರಿಹೋದಳು.

ಮುಕುಂದ ನೆಂಟರಿದ್ದ ಕಡೆ ನಿಲ್ಲಲಿಲ್ಲ. ಲ್ಯಾಬಿನ ಹೊರಗಿನ ಬೆಂಚಿಗೆ ಬಂದು ಕುಂತ. ವರದಾ ಒಂದು ಗೇಣು ದೂರ ಕುಂತಳು. ಆತ ಬಿಕ್ಕಿಬಿಕ್ಕಿ ಅತ್ತ.

“ನಿಮ್ಮನ್ನ ಲಗ್ನ ಆಗ್ಲಿಕ್ಕೆ ನನ್ನ ಕಡಿಂದ ಆಗೂದಿಲ್ಲ, ವರದಾ,” ಅಂದ. “ಆದ್ರ ಅಳಲಿಕ್ಕೆ ಬ್ಯಾರೆ ಎಲ್ಲಿ ಹೋಗಬೇಕೋ ಗೊತ್ತಾಗ್ಲಿಲ್ಲ.”

ಕಮಲಾಬಾಯಿಯ ದೇಹ ಒಯ್ಯುವ ಗಾಡಿ ಬರುವತನಕ ವರದಾ ಅಲ್ಲೇ ಕುಂತಿದ್ದಳು.