ಪಾಪೆಯ ಅಳತೆ

"ನನ್ನ ಮುಖ ನೋಡ್ಬೇಡಿ!"

ಆ ಧ್ವನಿಗೆ ಬೆಚ್ಚಿ ಅವಳ ಕೈಯಲ್ಲಿದ್ದ ಕುಂಚ ಜಾರಿ ಬಿತ್ತು.

ಮೆಟ್ಟಿಲು ಹತ್ತಿ ಬಂದವನು ಕಪ್ಪು ಕನ್ನಡಕ ಹಾಕಿದ್ದ. ಅವಳು ಕುರ್ಚಿ ತೋರಿಸುವ ಮೊದಲೇ ಕೂತು, ಜೇಬಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲೆ ಇಟ್ಟ.

"ಇದನ್ನ ನೋಡಿ ಬರೀರಿ. ಕಣ್ಣು ಹೋಗೋಕೆ ಮುಂಚೆ ತೆಗೆದಿದ್ದು. ನಾನು ಫೋಟೋ ಸ್ಟುಡಿಯೋ ನಡೆಸೋನು, ಮೇಡಂ. ಫೋಟೋ ಸುಳ್ಳು ಹೇಳಲ್ಲ."

ಅವಳು ಬಗ್ಗಿ ಬಿದ್ದ ಕುಂಚವನ್ನು ಎತ್ತಿಕೊಂಡಳು.

ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿಕೊಡುವ ಕಾರ್ಯಾಗಾರ ಅದು. ಯಜಮಾನರು ಅವಳ ಸೋದರಮಾವ. ಮಾವ ಅಳತೆ ತೆಗೆದು ಬಿಳಿ ಗುಡ್ಡೆ ಮಾಡಿಕೊಟ್ಟರೆ, ಅದರ ಮೇಲೆ ಕಪ್ಪು ಪಾಪೆ, ಪಾಪೆಯ ಸುತ್ತಲಿನ ಬಣ್ಣ, ನರಗಳ ಬದಲಿಗೆ ಕೆಂಪು ರೇಷ್ಮೆ ಎಳೆ... ಅದೆಲ್ಲ ಅವಳ ಪಾಲಿನ ಕೆಲಸ. ಉಳಿದಿರುವ ಕಣ್ಣನ್ನು ನೋಡಿಕೊಂಡೇ ಅದರ ಜೋಡಿಯನ್ನು ಬರೆಯಬೇಕು.

ಕಳೆದ ವರ್ಷ ಅವಳು ಹಾಗೆ ಮಾಡಿರಲಿಲ್ಲ. ಒಬ್ಬ ಅಜ್ಜಿಯ ಮಂಕು ಕಣ್ಣನ್ನು ನೋಡಿ ಪಾಪ ಅನ್ನಿಸಿ, ತನ್ನ ಕಲ್ಪನೆಯಿಂದ ಒಂದಿಷ್ಟು ಹೊಳಪು ಸೇರಿಸಿದ್ದಳು. ಅಜ್ಜಿ ಕನ್ನಡಿ ನೋಡಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಿದ್ದರು. "ಇದ್ಯಾರದ್ದೋ ಕಣ್ಣು ಕಣಮ್ಮ..."

ಅವತ್ತು ಮಾವ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಪುಟ್ಟಿ, ಎದುರಿಗಿರೋದನ್ನ ಬರಿ. ಇನ್ನೊಂದ್ಸಲ ತಲೇಲಿರೋದನ್ನ ಬರೆದ್ರೆ ಕುಂಚ ಮುಟ್ಟಬೇಡ" ಎಂದಷ್ಟೇ ಹೇಳಿದ್ದರು. ಮಾವ ಒಂದು ಮಾತು ಆಡಿದರೆ ಮುಗಿಯಿತು. ಅಂದಿನಿಂದ ಕುಂಚ ಹಿಡಿದಾಗಲೆಲ್ಲ ಅವಳ ಬೆರಳು ತಣ್ಣಗಾಗುತ್ತಿತ್ತು. ಈ ಕೆಲಸ ಬಿಟ್ಟರೆ ಅವಳಿಗೆ ಬೇರೇನೂ ಬರುತ್ತಿರಲಿಲ್ಲ, ಬೇರೇನೂ ಬೇಕಾಗಿಯೂ ಇರಲಿಲ್ಲ.

ಅವಳು ಫೋಟೋವನ್ನು ಅವನತ್ತ ಸರಿಸಿದಳು.

"ಇದು ಆಗಲ್ಲ. ಫ್ಲ್ಯಾಶ್ ಬೆಳಕಿಗೆ ಪಾಪೆ ಮುದುಡಿರುತ್ತೆ, ಬಣ್ಣ ತೊಳೆದು ಹೋಗಿರುತ್ತೆ. ನಿಮ್ಮ ಕಣ್ಣೇ ನೋಡ್ಬೇಕು."

"ಹಾಗಾದ್ರೆ ಕಲ್ಪನೆ ಮಾಡ್ಕೊಂಡು ಬರೀರಿ!"

"ಅದಂತೂ ಆಗೋದೇ ಇಲ್ಲ!"

ಅವಳ ಧ್ವನಿ ಅಷ್ಟು ನಡುಗಿದ್ದು ಕೇಳಿ ಅವನು ಫೋಟೋವನ್ನು ಜೇಬಿಗಿಟ್ಟ. "ಹೆದರ್ಕೋಬೇಡಿ ಮತ್ತೆ..." ಎನ್ನುತ್ತಾ ನಿಧಾನವಾಗಿ ಕನ್ನಡಕ ತೆಗೆದ.

ಎಡಗಡೆ ರೆಪ್ಪೆ ಒಳಗೆ ಕುಸಿದಿತ್ತು. ಸ್ಟುಡಿಯೋದ ದೊಡ್ಡ ದೀಪ ಸಿಡಿದು ಗಾಜು ಹೊಕ್ಕಿತ್ತಂತೆ. ಬಲಗಡೆ ಕಂದು ಕಣ್ಣೊಂದು ಅವಳನ್ನೇ ನೋಡುತ್ತಿತ್ತು.

ಅವಳು ಮುಖ ತಿರುಗಿಸಲಿಲ್ಲ.

ಅಲ್ಲಿಂದ ಅವನು ದಿನಾ ಮಧ್ಯಾಹ್ನ ಬರತೊಡಗಿದ. ಮೇಜಿನ ದೀಪ ಹಾಕಿದಾಗಲೆಲ್ಲ ಅವನ ಭುಜ ಬಿಗಿಯಾಗುತ್ತಿತ್ತು. ಅದನ್ನು ಗಮನಿಸಿದ ಅವಳು ದೀಪ ಹಾಕುವ ಮೊದಲು "ಹಾಕ್ಲಾ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡಳು.

"ಈ ಕಣ್ಣೂ ಹೋದ್ರೆ ಏನ್ಮಾಡ್ಲಿ?" ಎಂದು ಒಂದು ದಿನ ಅವನು ಕೇಳಿದ.

"ಹೋಗಲ್ಲ."

"ನಿಮಗೇನು ಗೊತ್ತು?"

"ನಿಮಗಿಂತ ಜಾಸ್ತಿ ಆ ಕಣ್ಣು ನೋಡಿರೋಳು ನಾನೇ ಅಲ್ವಾ?"

ಅವನು ನಕ್ಕ. "ಫೋಟೋ ತೆಗೆಸ್ಕೊಳ್ಳೋಕೆ ಬಂದೋರಿಗೆ ಅಲುಗಾಡ್ಬೇಡಿ ಅಂತ ಗದರಿಸ್ತಿದ್ದೆ. ಈಗ ನನ್ನ ಸರದಿ!"

"ಅಲುಗಾಡ್ಬೇಡಿ" ಎಂದಳು ಅವಳು, ಗದರಿಸುವಂತೆಯೇ.

ಕಂದಿನೊಳಗೆ ಜೇನಿನ ಬಣ್ಣದ ಒಂದು ಗೆರೆ, ಅಂಚಿನಲ್ಲಿ ತುಸು ಹಸಿರು... ಒಂದೊಂದೇ ಪದರ ಬರೆಯುತ್ತಾ ಹೋದ ಹಾಗೆ ಅವಳಿಗೆ ಹೊಸದೊಂದು ಭಯ ಅಂಟಿಕೊಂಡಿತು. ಇಷ್ಟು ಹತ್ತಿರದಿಂದ ಒಬ್ಬರನ್ನು ನೋಡಿ ನೋಡಿ, ಆಮೇಲೆ ನೋಡದೆ ಇರುವುದು ಹೇಗೆ? ಇದು ಕೆಲಸ ಕಣೇ, ಬರೀ ಕೆಲಸ ಎಂದು ತನ್ನನ್ನು ತಾನೇ ಬೈದುಕೊಂಡಳು.

ಕಣ್ಣು ಕೂರಿಸುವ ದಿನ ಮಾವ ಜ್ವರ ಬಂದು ಮನೆಯಲ್ಲಿ ಮಲಗಿದ್ದರು. ಅವಳೇ ಕೂರಿಸಿದಳು. ಕನ್ನಡಿ ಕೊಟ್ಟರೆ ಅವನು ಮಗುಚಿಟ್ಟ.

"ನನಗೆ ಧೈರ್ಯ ಸಾಲ್ತಿಲ್ಲ. ನೀವೇ ನೋಡಿ ಹೇಳಿ."

ಅವಳು ಬಗ್ಗಿ ನೋಡಿದಳು. ಬಣ್ಣಕ್ಕೆ ಬಣ್ಣ, ಪಾಪೆಗೆ ಪಾಪೆ, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ!

"ಸರಿಯಾಗಿದೆ" ಎಂದಳು. ಮುಗಿಯಿತು ಎಂದುಕೊಂಡು ಕುಂಚ ತೊಳೆಯಲು ತಿರುಗಿದಳು.

ಆದರೆ ಮುಗಿದಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಅವನು ಮತ್ತೆ ಬಂದ, ಮುಖ ಕೆಂಪಗೆ ಮಾಡಿಕೊಂಡು. ಅಷ್ಟರಲ್ಲಿ ಮಾವನೂ ಕೆಲಸಕ್ಕೆ ಮರಳಿದ್ದರು. ಅವನು ಅವರ ಮುಂದೆ ಹೊಸದೊಂದು ಫೋಟೋ ಇಟ್ಟ.

"ನೋಡಿ ಯಜಮಾನ್ರೇ! ಇವತ್ತು ಸ್ಟುಡಿಯೋಗೆ ಬಂದ ಮಗು ನನ್ನ ನೋಡಿ ಕಿಟಾರನೆ ಕಿರುಚ್ತು. ಒಂದು ಪಾಪೆ ದೊಡ್ಡದು, ಒಂದು ಚಿಕ್ಕದು!"

ಪರದೆಯ ಹಿಂದೆ ಬಣ್ಣ ಕಲಸುತ್ತಿದ್ದ ಅವಳ ಕೈ ನಿಂತಿತು.

"ಫೋಟೋ ಪಕ್ಕಕ್ಕಿಡಿ, ಅದನ್ನ ನಂಬೋಕಾಗಲ್ಲ. ಇಲ್ಲಿ ಕೂತ್ಕೊಳ್ಳಿ" ಎಂದರು ಮಾವ. ಅದೇ ಕುರ್ಚಿ, ಅದೇ ದೀಪ. ಅಳತೆಪಟ್ಟಿ ಹಿಡಿದು ನೋಡಿದರು. ಮತ್ತೊಮ್ಮೆ ನೋಡಿದರು. ನಿಜವಾದ ಪಾಪೆ ಅವಳು ಬರೆದ ಪಾಪೆಗಿಂತ ಎಷ್ಟೋ ಚಿಕ್ಕದಿತ್ತು.

"ಪುಟ್ಟಿ... ಮತ್ತೆ ಕಲ್ಪನೆ ಮಾಡಿ ಬರೆದ್ಯಾ?"

"ಇಲ್ಲ ಮಾವ! ಆಣೆಗೂ ಇಲ್ಲ! ನೋಡಿದ್ದನ್ನೇ ಬರೆದೆ!"

"ಅಳತೆ ಹಾಗೆ ಹೇಳ್ತಿಲ್ಲವಲ್ಲ ಮಗಳೇ."

ಅವಳು ಪರದೆಯ ಅಂಚು ಹಿಡಿದು ನಿಂತಳು. ನಾನು ನೋಡಿದ್ದು ಏನನ್ನು ಹಾಗಾದರೆ? ಆ ಕಣ್ಣು ನನ್ನನ್ನು ಕಂಡು ಅರಳಲಿ ಎಂದು ಒಳಗೊಳಗೇ ಆಸೆಪಟ್ಟು, ಆ ಆಸೆಯನ್ನೇ ಬರೆದುಬಿಟ್ಟೆನೇ? ಅಜ್ಜಿಗೆ ಮಾಡಿದ ಮೋಸವನ್ನೇ ಇವರಿಗೂ ಮಾಡಿದೆನೇ? ಕುಂಚವೂ ಹೋಯಿತು, ಇವರೂ ಹೋದರು...

"ಬಾ ಇಲ್ಲಿ. ಎಷ್ಟು ತಪ್ಪಿದ್ದೀಯ ಅಂತ ನೀನೇ ಅಳತೆ ಹಿಡಿದು ನೋಡು."

ಅವಳು ಬಂದು ಅಳತೆಪಟ್ಟಿ ಹಿಡಿದು ಅವನೆದುರು ಬಗ್ಗಿದಳು. ಅವನು ತಲೆಯೆತ್ತಿ ಅವಳನ್ನು ನೋಡಿದ.

ಕಪ್ಪು ಪಾಪೆ ಅವಳ ಕಣ್ಣೆದುರೇ ಅರಳಿತು... ಅರಳುತ್ತಾ ಬಂದು ಅವಳು ಬರೆದಷ್ಟಕ್ಕೇ ನಿಂತಿತು!

"ಮಾ... ಮಾವಾ! ಇಲ್ನೋಡಿ!"

ಮಾವ ಕನ್ನಡಕ ಏರಿಸಿಕೊಂಡು ಬಗ್ಗಿದರು. "ನೀನು ಪರದೆ ಹಿಂದೆ ಹೋಗು." ಪಾಪೆ ಚಿಕ್ಕದಾಯಿತು. "ಈಗ ಬಾ." ದೊಡ್ಡದಾಯಿತು. "ಹೋಗು. ಬಾ. ಥೂ, ಇದೊಳ್ಳೆ ಕಥೆಯಾಯ್ತಲ್ಲ!"

ಅವನ ಕಿವಿ ಕೆಂಪಗಾಗಿತ್ತು.

"ದೀಪ ಅದೇ, ಕುರ್ಚಿ ಅದೇ" ಎಂದು ಮಾವ ಗಡ್ಡ ಕೆರೆದುಕೊಂಡರು. "ಬೆಳಕು ಕಮ್ಮಿಯಾಗದೆ ಪಾಪೆ ಅರಳಿದ್ರೆ ಅದು ಭಯಕ್ಕೆ. ಏನಪ್ಪಾ, ನಮ್ಮ ಹುಡುಗೀನ ಕಂಡ್ರೆ ಅಷ್ಟೊಂದು ಭಯವಾ?"

ಅವನು ತಲೆ ತಗ್ಗಿಸಿದ. "ಹೌದು."

ಅವಳ ಜೀವ ಹಿಂಡಿದಂತಾಯಿತು. ಭಯ! ಇಷ್ಟು ದಿನ ಕೂತಿದ್ದು ಭಯಪಟ್ಟುಕೊಂಡೇ!

ಮಾವ ಇಬ್ಬರ ಮುಖವನ್ನೂ ಒಮ್ಮೆ ನೋಡಿದರು. "ಅಂಟು ಮುಗಿದಿದೆ, ತಗೊಂಡ್ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿ ಇಳಿದೇ ಹೋದರು. ಅಂಟಿನ ಡಬ್ಬಿ ತುಂಬಿಕೊಂಡು ಕಪಾಟಿನ ಮೇಲೇ ಇತ್ತು.

"ನಾನು ಅಷ್ಟು ಹೆದರಿಸಿದ್ನಾ?" ಎಂದಳು ಅವಳು, ಕುಂಚಗಳನ್ನು ಸುಮ್ಮನೆ ಜೋಡಿಸುತ್ತಾ.

"ಮೊದಲ ದಿನ ಹೆದರಿದ್ದೆ, ನೀವು ಮುಖ ತಿರುಗಿಸ್ತೀರಿ ಅಂತ. ನೀವು ತಿರುಗಿಸ್ಲಿಲ್ಲ. ಅಲ್ಲಿಂದ ಬೇರೆ ಭಯ ಹಿಡ್ಕೊಳ್ತು."

"ಏನು?"

"ಕಣ್ಣು ಬೇಗ ಮುಗಿದುಹೋದ್ರೆ ಏನು ಗತಿ ಅಂತ. ಮತ್ತೆ ಈ ಮೆಟ್ಟಿಲು ಹತ್ತೋಕೆ ನೆಪ ಎಲ್ಲಿಂದ ತರ್ಲಿ? ಒಂಟಿ ಕಣ್ಣಿನೋನು ಯಾವ ಮುಖ ಇಟ್ಕೊಂಡು ನಿಮ್ಮನ್ನ ಕೇಳ್ಲಿ? ಇವತ್ತು ಆ ಮಗು ಕಿರುಚಿದಾಗ ಅವಮಾನ ಆಯ್ತು, ಸಿಟ್ಟೂ ಬಂತು. ಆದ್ರೆ ಇಲ್ಲಿಗೆ ಬರೋ ದಾರೀಲಿ... ಖುಷಿಯಾಗ್ತಿತ್ತು ರೀ."

ಅವಳ ಕೈಯಲ್ಲಿದ್ದ ಕುಂಚಗಳೆಲ್ಲ ಮೇಜಿನ ಮೇಲೆ ಚೆಲ್ಲಿದವು. ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ನಾನೇ ಕಲ್ಪಿಸ್ಕೊಂಡೆ ಅಂತ ಸತ್ತೇ ಹೋಗಿದ್ದೆ ಈಗ! ನನ್ನನ್ನ ನೋಡಿದಾಗ ನಿಮ್ಮ ಕಣ್ಣು ಹಾಗಾಗ್ಲಿ ಅಂತ ನನಗೆ ಎಷ್ಟು ಆಸೆಯಿತ್ತು ಗೊತ್ತಾ?"

"ಆಸೆಯಿತ್ತಾ?"

"ಇದೆ."

ಅವನು ಅವಳ ಬಣ್ಣ ಮೆತ್ತಿದ ಬೆರಳುಗಳನ್ನು ಮೆಲ್ಲಗೆ ಹಿಡಿದುಕೊಂಡ. ಇಬ್ಬರ ಕೈಯೂ ತಣ್ಣಗಿತ್ತು.

"ಹೊಸ ಕಣ್ಣು ಬರೆದುಕೊಡ್ತೀನಿ" ಎಂದಳು ಅವಳು. "ಪಾಪೆ ಚಿಕ್ಕದಾಗಿ. ಸ್ಟುಡಿಯೋದಲ್ಲಿ ಯಾವ ಮಗುವೂ ಹೆದರದ ಹಾಗೆ."

"ಹಳೇದನ್ನ ಎಸೀಬೇಡಿ."

"ಅದ್ಯಾಕೆ? ಅದು ಹೊರಗೆ ಎಲ್ಲೂ ಹೊಂದಲ್ಲ."

"ಹೊರಗೆ ಬೇಡ. ಅದು ಮನೇಲಿ ಹಾಕ್ಕೊಳ್ಳೋಕೆ."

"ಮನೇಲಿ ಮಾತ್ರ ಹೇಗ್ರೀ ಹೊಂದುತ್ತೆ?"

"ನೀವು ಇದ್ರೆ ಹೊಂದುತ್ತೆ."

ಅವಳು ತಲೆಯೆತ್ತಿ ನೋಡಿದಳು. ಎರಡೂ ಪಾಪೆಗಳು ಒಂದೇ ಅಳತೆಯಲ್ಲಿದ್ದವು.

"ನನಗೆ ಭಯ ಆಗ್ತಿದೆ" ಎಂದಳು ಮೆಲ್ಲಗೆ.

"ಕಾಣ್ತಿದೆ" ಎಂದ ಅವನು. "ನಿಮ್ಮ ಕಣ್ಣಲ್ಲೂ."