ದೊಡ್ಡ ಟಯರಿನ ಜೀಪು

“ನಿಮ್ಮ ಸಾವಿಗೆ ನಾನು ಬೋಲ್ಟು ಬಿಗಿಯಲ್ಲ ಗೌಡ್ರೇ! ಟಯರು ಎತ್ಕೊಂಡು ಹೊರಡಿ!”

ಮೊದಲ ಭೇಟಿಯಲ್ಲೇ ಒಬ್ಬ ಗಂಡಸಿಗೆ ಆಡುವ ಮಾತೇ ಇದು? ಆದರೆ ಇಂದ್ರಮ್ಮ ಆಡಿಬಿಟ್ಟಳು. ಕೈಯಲ್ಲಿ ಸ್ಪ್ಯಾನರು, ಕೆನ್ನೆಯ ಮೇಲೆ ಗ್ರೀಸು, ಕಣ್ಣಲ್ಲಿ ಕೆಂಡ.

ಮದ್ದೂರಿನಲ್ಲಿ ಬೆಂಗಳೂರು ರಸ್ತೆಯಿಂದ ಮಳವಳ್ಳಿ ರಸ್ತೆ ಒಡೆಯುವ ಮೂಲೆಯಲ್ಲಿ ಅವಳಪ್ಪ ಲಿಂಗಯ್ಯನ ಗ್ಯಾರೇಜು. ಲಿಂಗಯ್ಯ ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದವನು. ಲಕ್ವ ಹೊಡೆದು ಬಲಗೈ ಬಿದ್ದ ಮೇಲೆ ಅಪ್ಪ ಮಂಚದ ಮೇಲಿಂದ ಹೇಳುತ್ತಾನೆ, ಮಗಳು ಮಾಡುತ್ತಾಳೆ. ‘ಹೆಣ್ಣುಮಗಳು ಜೀಪಿನಡಿ ಮಲಗ್ತಾಳಲ್ಲಪ್ಪಾ!’ ಅಂತ ಊರು ಮೂಗಿನ ಮೇಲೆ ಬೆರಳಿಟ್ಟಿದ್ದೂ ಆಯಿತು, ತೆಗೆದಿದ್ದೂ ಆಯಿತು. ಗಾಡಿ ಕೆಟ್ಟಾಗ ಅದೇ ಊರು ಅವಳ ಹತ್ತಿರವೇ ಬರಬೇಕಲ್ಲ!

ಎದುರಿಗೆ ನಿಂತಿದ್ದವನು ಮಂಡ್ಯದಾಚೆ ದುದ್ದ ಊರಿನ ಹೊನ್ನಯ್ಯ. ಮಿಲಿಟರಿ ಹರಾಜಿನಲ್ಲಿ ಹಿಡಿದ ಹಳೇ ಜೀಪು. ಅದರ ಹಿಂದೆ ಹಗ್ಗ ಹಾಕಿ ಬಿಗಿದ ನಾಲ್ಕು ಟಯರು. ಜೀಪಿನಲ್ಲಿದ್ದ ಟಯರಿಗಿಂತ ನಾಲ್ಕು ಬೆರಳು ಎತ್ತರ, ಎರಡು ಬೆರಳು ದಪ್ಪ.

“ಯಾಕವ್ವಾ, ಒಳ್ಳೇ ಮಾತು ಬರಾಕಿಲ್ವಾ? ಟಯರು ಆಕ್ಕೊಡಿ ಅಂದೆ, ಹೆಣ ಒರಿ ಅಂದ್ನಾ?”

“ಇದನ್ನ ಹಾಕಿದ್ರೆ ಮುಂದಿನ ಕೆಲ್ಸ ಅದೇಯ!”

ಹೊನ್ನಯ್ಯನಿಗೆ ರೇಗಿತು. ಜಾಕಿ ಕೊಟ್ಟು ತಾನೇ ಎಡಗಡೆ ಚಕ್ರ ಬದಲಾಯಿಸಿದ. ಸ್ಟೇರಿಂಗನ್ನು ಕೊನೆಯವರೆಗೆ ಎಡಕ್ಕೆ ತಿರುಗಿಸಿದ.

“ನೋಡವ್ವಾ, ಎಲ್ಲಿ ತಾಗ್ತು? ಬೆರಳು ಆಡೋಷ್ಟು ಜಾಗ ಅದೆ!”

“ಖಾಲಿ ಜೀಪಲ್ಲಿ ತಾಗಾಕಿಲ್ಲ ಗೌಡ್ರೇ. ಹನ್ನೆರಡು ಜನ ಹತ್ತಿ ಕೂತ್ರೆ? ಸ್ಪ್ರಿಂಗು ಕುಸೀತದೆ, ಚಕ್ರ ಮೇಲಕ್ಕೆ ಬತ್ತದೆ. ಆವಾಗ ಎಡಕ್ಕೆ ತಿರುಗಿಸಿದ್ರೆ ಟಯರು ಹೋಗಿ ಬ್ರೇಕಿನ ರಬ್ಬರ್ ಪೈಪನ್ನ ಉಜ್ತದೆ. ಅದೊಂದು ಕಿತ್ತೋದ್ರೆ ನಾಲ್ಕು ಚಕ್ರಕ್ಕೂ ಬ್ರೇಕಿಲ್ಲ!”

“ಇದೆಲ್ಲಾ ನಿನಗ್ಯಾರು ಹೇಳುದ್ರು?”

“ನಾನು,” ಎಂದಿತು ಮಂಚದ ಕಡೆಯಿಂದ ಒಂದು ಧ್ವನಿ.

ಲಿಂಗಯ್ಯ ಎಡಗೈ ಊರಿ ಎದ್ದು ಕೂತಿದ್ದ. “ನಾಲ್ಕು ವರ್ಸದ ಹಿಂದೆ ಮಳವಳ್ಳಿ ರಸ್ತೆ ನಾಲೆ ಸೇತುವೆಯಿಂದ ಒಂದು ಜೀಪು ಕೆಳಕ್ಕೆ ಬಿತ್ತಲ್ಲ... ಇಬ್ಬರು ಹೋದ್ರಲ್ಲ... ಅದಕ್ಕೆ ಇಂಥಾ ಟಯರು ಹಾಕಿದ್ದು ಈ ಕೈಯೇ ಕಣಪ್ಪ. ಖಾಲಿ ಜೀಪಲ್ಲಿ ತಿರುಗಿಸಿ ನೋಡಿ, ಸರಿಯಾಗಿ ಅದೆ, ಹೋಗು ಅಂದಿದ್ದೆ.”

ಅವನು ತೋರಿಸಿದ್ದು ಬಿದ್ದುಹೋದ ಬಲಗೈಯನ್ನು.

ಹೊನ್ನಯ್ಯ ಸ್ಟೇರಿಂಗಿನಿಂದ ಕೈ ತೆಗೆದು ಕೆಳಗಿಳಿದ. ಧ್ವನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ.

“ಹೋದ ಮಳೆಗಾಲದಲ್ಲಿ ನಮ್ಮ ಮಂಗಳಕ್ಕನ್ನ ಹೆರಿಗೆಗೆ ಮಂಡ್ಯಕ್ಕೆ ಕರ್ಕೊಂಡು ಓಯ್ತಿದ್ದೆ ಕಣಮ್ಮ. ನಮ್ಮೂರ ನಾಲೆ ಏರಿ ಮೇಲೆ ಈ ಜೀಪು ಹೂತೋಯ್ತು. ಎರಡು ಗಂಟೆ ತಳ್ಳಿದೋ. ಜೀಪು ಎದ್ದಾಗ... ಅಕ್ಕ ಇರ್ಲಿಲ್ಲ. ಇನ್ನೊಂದ್ ಕಿತ ಈ ಜೀಪು ಹೂತೋಗ್ಬಾರ್ದು. ಅದಕ್ಕೇ ತಂದೆ ಈ ಟಯರ.”

ಇಂದ್ರಮ್ಮ ಸ್ಪ್ಯಾನರು ಕೆಳಗಿಟ್ಟಳು. ‘ಅಯ್ಯೋ ಪಾಪಿ! ಇಂಥವನ ಮುಂದೆ ನಾನೆಂಥ ಮಾತಾಡಿಬಿಟ್ಟೆ!’

“ಒಂದು ತಿಂಗಳು ತಡೀರಿ ಗೌಡ್ರೇ,” ಎಂದಳು ಮೆಲ್ಲಗೆ. “ಬೆಂಗಳೂರಿಂದ ಜೀಪು ಕುಸೀದಂಗೆ ದಪ್ಪನೆ ಸ್ಪ್ರಿಂಗ್ ಪ್ಲೇಟು ತರಿಸ್ತೀವಿ, ಉದ್ದನೆ ಬ್ರೇಕ್ ಪೈಪು ತರಿಸ್ತೀವಿ. ಆಮೇಲೆ ಈ ಟಯರು ಹಾಕೋಣ. ಅಲ್ಲೀಗಂಟ ಹಾಕಲ್ಲ ಅಂತ ಮಾತು ಕೊಡಿ.”

“ಕೊಟ್ಟೆ.”

ಆ ಒಂದೇ ಪದ ಅವಳಿಗೆ ಯಾಕೋ ಬಹಳ ಹಿಡಿಸಿತು.

ಆಮೇಲಿನ ಕತೆ ಕೇಳಬೇಕೆ? ಒಂದು ವಾರ ಹಾರನ್ ಕೂಗುತ್ತಿಲ್ಲ ಅಂತ ಬಂದ. ಇನ್ನೊಂದು ವಾರ ಹಾರನ್ ಜಾಸ್ತಿ ಕೂಗುತ್ತದೆ ಅಂತ ಬಂದ! ದುದ್ದಕ್ಕೆ ಮಂಡ್ಯ ಹತ್ತಿರ. ಮಂಡ್ಯದಲ್ಲಿ ಗ್ಯಾರೇಜುಗಳಿಗೆ ಬರಗಾಲವೇ? ಒಮ್ಮೆ ಬಿಸಿ ಬೆಲ್ಲ ತಂದು ಲಿಂಗಯ್ಯನ ಕೈಗೆ ಕೊಟ್ಟ, ಕಣ್ಣು ಮಾತ್ರ ಮಗಳ ಮೇಲಿತ್ತು.

“ಇಂದ್ರಮ್ನೋರೇ, ಪ್ಲೇಟು ಬಂತಾ?”

“ಇನ್ನೂ ಇಲ್ಲ ಗೌಡ್ರೇ.”

“ನಿಧಾನಕ್ಕೆ ಬರ್ಲಿ ಬುಡಿ. ಅದು ಬಂದ್ರೆ ನಂಗೆ ಇಲ್ಲಿ ಏನು ಕೆಲ್ಸ?”

ಅವಳು ನಾಚಿ ಜೀಪಿನಡಿ ನುಸುಳಿಕೊಂಡಳು. ಅಡಗಿಕೊಳ್ಳಲು ಅಷ್ಟು ಒಳ್ಳೆಯ ಜಾಗ ಬೇರೆ ಯಾವ ಹುಡುಗಿಗಿದೆ ಹೇಳಿ!

ಪ್ಲೇಟು ಬಂತು. ಒಂದು ಸೋಮವಾರ. ಅವಳೇ ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿ, ಬಾಗಿಲ ಪಕ್ಕ ಇಟ್ಟಳು. ಆದರೆ ಆ ವಾರ ಹೊನ್ನಯ್ಯ ಬರಲಿಲ್ಲ.

ಬುಧವಾರ ಬಂದವನು ಮಳವಳ್ಳಿ ಬಸ್ಸಿನ ಕಂಡಕ್ಟರ್ ಬೋರಯ್ಯ. ಟೀ ಹೀರುತ್ತಾ ಹೇಳಿದ, “ನಿಮ್ಮ ದುದ್ದದ ಗಿರಾಕಿ ನಾಳೆ ಮಳವಳ್ಳಿಗೆ ಓಯ್ತಾವನಂತೆ ಕಣಮ್ಮ. ಅವ್ವ, ನೆಂಟರು ಎಲ್ಲಾ ಸೇರ್ಕೊಂಡು ತಾಂಬೂಲದ ತಟ್ಟೆ ತಗೊಂಡು. ಪೇಟೆ ಬೀದಿ ಪುಟ್ಟಮಾದಯ್ಯ ಅವನ ಸೋದರಮಾವ. ಅವರ ಮನೇಲಿ ಬೆಳೆದ ಮಗಳು ಅವ್ಳೆ ನೋಡಿ!”

ಇಂದ್ರಮ್ಮನ ಕೈಯಿಂದ ಸ್ಪ್ಯಾನರು ಜಾರಿತು.

ಸೋದರಮಾವನ ಮಗಳು. ಕೇಳುವ ಹಕ್ಕು ಅವನಿಗೆ ಮೊದಲಿಂದಲೂ ಇರುವ ಹೆಣ್ಣು. ‘ನಾನ್ಯಾರು? ಹಾರನ್ ರಿಪೇರಿ ಮಾಡಿದವಳು...’ ಅವತ್ತು ಸಂಜೆ ಸುರಿದ ಮಳೆಯಲ್ಲಿ ಅವಳು ಅತ್ತಿದ್ದು ಅಪ್ಪನಿಗೂ ಕೇಳಿಸಲಿಲ್ಲ.

ಗುರುವಾರ ಬೆಳಿಗ್ಗೆ ಮೋಡ ಇನ್ನೂ ಹರಿದಿರಲಿಲ್ಲ. ಮಂಡ್ಯ ಕಡೆಯಿಂದ ಜೀಪಿನ ಸದ್ದು ಕೇಳಿ ಅವಳ ಕಾಲು ತಾನಾಗಿ ಹೊರಗೆ ಬಂತು. ಅದೇ ಜೀಪು! ಆದರೆ ಯಾಕೆ ಇಷ್ಟು ಎತ್ತರ ಕಾಣುತ್ತಿದೆ?

ಅವಳ ಕಣ್ಣು ಚಕ್ರದ ಮೇಲೆ ಬಿತ್ತು.

ದೊಡ್ಡ ಟಯರು.

ಒಳಗೆ ಹನ್ನೆರಡು ಜನ, ಹಳೇ ಸ್ಪ್ರಿಂಗು ಕುಸಿದು ಮೈ ಟಯರಿನ ಮೇಲೆ ಕೂತಂತಿತ್ತು. ಹೊನ್ನಯ್ಯ ಅವಳನ್ನು ನೋಡಿದ. ನೋಡಿ, ತಟ್ಟನೆ ಮುಖ ತಿರುಗಿಸಿದ! ನಿಲ್ಲಿಸದೆ ಮಳವಳ್ಳಿ ರಸ್ತೆಗೆ ಹೊರಳಿಸಿದ. ಹೊಂಡ ತಪ್ಪಿಸಲು ಒಮ್ಮೆ ಎಡಕ್ಕೆ ಎಳೆದಾಗ ಚಕ್ರದ ಒಳಗಿಂದ ಒಂದು ಸದ್ದು ಬಂತು.

ಜರ್ರ್...

ರಬ್ಬರು ಉಜ್ಜುವ ಸದ್ದು. ಮಂಚದ ಮೇಲೆ ಲಿಂಗಯ್ಯ ಕಣ್ಣು ಮುಚ್ಚಿದ. “ಉಜ್ತಾ ಅದೆ ಮಗಾ... ಅವತ್ತೂ ಜನ ತುಂಬ್ಕೊಂಡು ಹೊರಟಾಗ ಇದೇ ಸದ್ದು ಬಂದಿತ್ತು. ನಾನು ಕೇಳಿಯೂ ಕೇಳದಂಗಿದ್ದೆ.”

ಇಂದ್ರಮ್ಮ ಸೆರಗು ಸಿಕ್ಕಿಸಿದಳು. “ಮಳವಳ್ಳಿ ಬಸ್ಸು ಎಷ್ಟೊತ್ತಿಗಪ್ಪಾ?”

“ಅವನು ಹೆಣ್ಣು ಕೇಳಕ್ಕೆ ಓಯ್ತಾವನೆ ಕಣವ್ವ! ಒಬ್ಬಳೇ ಅಲ್ಲಿಗೆ ಹೋಗಿ ನಿಂತ್ರೆ ಜನ ಏನಂತಾರೆ?”

“ಅನ್ಲಿ! ಅವನು ಯಾರನ್ನಾದ್ರೂ ಕಟ್ಕೊಳ್ಳಲಿ ಅಪ್ಪಾ... ಬದುಕಿದ್ರೆ ತಾನೇ ಕಟ್ಕೊಳ್ಳೋದು!”

ಲಿಂಗಯ್ಯ ತಡೆಯಲಿಲ್ಲ.

ಬಸ್ಸು ಒಂದೂವರೆ ಗಂಟೆ ತಡ. ದಾರಿಯುದ್ದಕ್ಕೂ ಅವಳು ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಕೆಸರಿನಲ್ಲಿ ಆ ಅಗಲ ಟಯರಿನ ಗುರುತು ಅಲ್ಲಲ್ಲಿ ಕಾಣುತ್ತಿತ್ತು. ನಾಲೆ ಸೇತುವೆ ಬಂತು. ನಾಲ್ಕು ವರ್ಷದಿಂದ ಅದರ ಗೋಡೆಯ ಒಂದು ಕಡೆ ಹಾಗೇ ಒಡೆದು ನಿಂತಿದೆ. ಕೆಳಗೆ ಕೆಂಪು ನೀರು ತುಂಬಿ ಹರಿಯುತ್ತಿತ್ತು.

ಮಳವಳ್ಳಿಗೆ ಹೋಗುವಾಗ ಇಲ್ಲಿ ಏರು. ಬರುವಾಗ ಉದ್ದನೆಯ ಇಳಿಜಾರು, ಸೇತುವೆಯ ಬಾಯಿಗೆ ಬಂದಾಗ ಒಮ್ಮೆಗೇ ಎಡಕ್ಕೆ ತಿರುವು.

ಎಡಕ್ಕೆ!

‘ಸ್ವಾಮೀ, ಅವರು ಊಟ ಮುಗಿಸದೇ ಇರಲಿ. ಇನ್ನೂ ಹೊರಡದೇ ಇರಲಿ...’ ಎದುರಿಂದ ಯಾವ ಗಾಡಿ ಬಂದರೂ ಅವಳ ಉಸಿರು ನಿಲ್ಲುತ್ತಿತ್ತು.

ಮಳವಳ್ಳಿಯಲ್ಲಿ ಬಸ್ಸು ನಿಲ್ಲುವ ಮೊದಲೇ ಹಾರಿದಳು. ಪೇಟೆ ಬೀದಿಗೆ ಓಡಿ ಬಂದಾಗ ಪುಟ್ಟಮಾದಯ್ಯನ ಮನೆಯ ಮುಂದೆ ಜೀಪಿನ ಎಂಜಿನ್ ಗುರುಗುಡುತ್ತಿತ್ತು. ಕೊನೆಯ ಒಬ್ಬರು ಹತ್ತುತ್ತಿದ್ದರು. ಇಂದ್ರಮ್ಮ ಹೋಗಿ ಜೀಪಿನ ಮುಂದೆ, ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಿಂತುಬಿಟ್ಟಳು.

“ಆಫ್ ಮಾಡಿ!”

“ಯಾರ್ಲಾ ಇವ್ಳು?” ಎಂದ ಹಿಂದೆ ಕೂತ ಯಾವನೋ ನೆಂಟ. ಹೊನ್ನಯ್ಯ ಎಂಜಿನ್ ಆಫ್ ಮಾಡಿದ.

“ಮದ್ದೂರಿನ ಗ್ಯಾರೇಜಿನವಳು. ಈ ಜೀಪು ಇಲ್ಲಿಂದ ಕದಲಬಾರ್ದು. ಎಡಗಡೆ ಟಯರು ಬ್ರೇಕ್ ಪೈಪನ್ನ ಉಜ್ತಾ ಅದೆ!”

ಬೀಳ್ಕೊಡಲು ನಿಂತಿದ್ದ ಪುಟ್ಟಮಾದಯ್ಯ ನಕ್ಕ. “ಏನೂ ಉಜ್ಜಾಕಿಲ್ಲ ಬುಡವ್ವ. ನೆನ್ನೆ ಮಂಡ್ಯದಲ್ಲಿ ಟಯರು ಆಕ್ಸಿ, ತಿರುಗ್ಸಿ ನೋಡವ್ನಂತೆ.”

“ಖಾಲಿ ಜೀಪಲ್ಲಿ ತಾನೇ?”

ಹೊನ್ನಯ್ಯ ತಲೆ ತಗ್ಗಿಸಿದ.

ಮುಂದಿನ ಸೀಟಿನಲ್ಲಿ ತಾಂಬೂಲದ ತಟ್ಟೆ ಮಡಿಲಲ್ಲಿಟ್ಟುಕೊಂಡು ಕೂತಿದ್ದವರು ಅವನ ತಾಯಿ ದೇವಿರಮ್ಮ. ಇಂದ್ರಮ್ಮ ಅವರ ಮುಂದೆ ಕೈ ಚಾಚಿದಳು. “ಅವ್ವಾ, ಸುಣ್ಣದ ಡಬ್ಬಿ ಕೊಡಿ. ಯಾರೂ ಇಳೀಬೇಡಿ. ಹನ್ನೆರಡು ಜನಾನೂ ಹಾಗೇ ಕೂತಿರಿ.”

ದೇವಿರಮ್ಮ ಡಬ್ಬಿ ಕೊಟ್ಟರು. ಇಂದ್ರಮ್ಮ ಕೆಸರಿನಲ್ಲಿ ಮಂಡಿಯೂರಿ, ಕೈ ಒಳಗೆ ತೂರಿಸಿ, ಬ್ರೇಕ್ ಪೈಪಿನ ಮೇಲೆ ಹಸಿ ಸುಣ್ಣವನ್ನು ದಪ್ಪಗೆ ಮೆತ್ತಿದಳು. ದೂರ ಸರಿದು ನಿಂತಳು.

“ಈಗ ಎಡಕ್ಕೆ ಪೂರ್ತಿ ತಿರುಗಿಸಿ.”

ಜರ್ರ್...

ವಾಪಸ್ ತಿರುಗಿಸಿದಾಗ ಕರೀ ಟಯರಿನ ಬದಿಯಲ್ಲಿ ಒಂದು ಅಂಗೈ ಉದ್ದ ಬಿಳೀ ಗೆರೆ ಎದ್ದಿತ್ತು. ಇಂದ್ರಮ್ಮ ಸೆರಗಿನ ತುದಿಯಿಂದ ಪೈಪನ್ನು ಒರೆಸಿದಳು. ಮೇಲಿನ ರಬ್ಬರು ಸವೆದು ಒಳಗಿನ ನೂಲು ಬಿಟ್ಟುಕೊಂಡಿತ್ತು. ಅವಳ ಬೆರಳ ತುದಿಗೆ ಬ್ರೇಕ್ ಆಯಿಲ್ಲಿನ ಹನಿಯೊಂದು ಅಂಟಿತು.

ಆ ಬೆರಳನ್ನು ಅವಳು ಹೊನ್ನಯ್ಯನ ಮುಖದ ಮುಂದೆ ಹಿಡಿದಳು.

“ನಾಲೆ ಸೇತುವೆ ತಿರುವಲ್ಲಿ ಇದು ಕಿತ್ತೋಗ್ತಿತ್ತು ಗೌಡ್ರೇ.”

“ಶಿವನೇ!” ದೇವಿರಮ್ಮ ಎದೆ ಹಿಡಿದುಕೊಂಡರು. “ಬೆಳಿಗ್ಗೆ ಪೂಜೆ ಮಾಡಿ ಚಕ್ರದಡಿ ನಿಂಬೆಹಣ್ಣು ಇಟ್ರೆ ಎಡಗಡೇದು ಒಡೀನೇ ಇಲ್ಲ ಕಣವ್ವ. ಟಯರಿನ ಸಂದೀಲಿ ಸಿಕ್ಕಾಕ್ಕೊಂಡು ಕೂತ್ಬುಡ್ತು. ಆವಾಗ್ಲಿಂದ ನನ್ನ ಎದೆ ಒಡ್ಕೋತಾನೇ ಇತ್ತು.”

ಒಬ್ಬೊಬ್ಬರಾಗಿ ಇಳಿದರು. ಇಂದ್ರಮ್ಮ ಕೈಯ ಸುಣ್ಣ ಒರೆಸಿಕೊಂಡಳು.

“ಪ್ಲೇಟು ಬಂದು ಮೂರು ದಿನ ಆಯ್ತು. ಎಣ್ಣೆ ಸವರಿ ಇಟ್ಟಿದ್ದೆ. ಮಾತು ಕೊಟ್ಟಿದ್ರಲ್ಲ... ಹೋಗ್ಲಿ ಬುಡಿ. ನನ್ನ ಕೆಲ್ಸ ಆಯ್ತು. ಹುಡುಗಿ ಚೆನ್ನಾಗವ್ಳಾ?”

“ಯಾವ ಹುಡುಗಿ?”

“ಮಾವನ ಮಗಳು!”

ಹೊನ್ನಯ್ಯ ಬೆಪ್ಪಾಗಿ ತಾಯಿಯ ಮುಖ ನೋಡಿದ. ದೇವಿರಮ್ಮನಿಗೆ ಆ ಗಾಬರಿಯಲ್ಲೂ ಎಲ್ಲ ಅರ್ಥವಾಯಿತು. ಕೆಸರಾದ ಆ ಹುಡುಗಿಯ ಕೈ ಹಿಡಿದು ಹತ್ತಿರ ಎಳೆದುಕೊಂಡರು.

“ಸೋದರಮಾವನ ಮನೇಲಿ ಹೆಣ್ಣಿರುವಾಗ ಹೊರಗಿನ ಹೆಣ್ಣು ತರಬೇಕಾದ್ರೆ, ಮೊದಲು ಮಾವನ ಮುಂದೆ ತಾಂಬೂಲ ಇಟ್ಟು ಒಪ್ಪಿಗೆ ಕೇಳಬೇಕು ಕಣವ್ವ. ಅದು ನಮ್ಮ ಮನೆ ಪದ್ಧತಿ. ಮಾವ ಹೂಂ ಅನ್ನೋಗಂಟ ಆ ಹೆಣ್ಣಿನ ಬಾಗಿಲು ತುಳೀಬಾರ್ದು, ಮುಖ ನೋಡ್ಬಾರ್ದು ಅಂತ ನಾನೇ ಹೇಳಿದ್ದೆ.”

“ಈಗ ತಾನೇ ಹೂಂ ಅಂದೆ,” ಎಂದ ಪುಟ್ಟಮಾದಯ್ಯ ಮೀಸೆ ತಿರುವುತ್ತಾ. “ಗ್ಯಾರೇಜಿನ ಹೆಣ್ಣು ಯಾಕ್ಲಾ ಅಂತ ಬೈದು ಬೈದು ಹೂಂ ಅಂದೆ. ಈಗ ಇನ್ನೊಂದ್ ಕಿತ ಹೇಳ್ತೀನಿ, ಹೂಂ ಕಣವ್ವ!”

ಇಂದ್ರಮ್ಮ ಹೊನ್ನಯ್ಯನ ಕಡೆ ತಿರುಗಿದಳು. ಬೆಳಿಗ್ಗೆ ಮುಖ ತಿರುಗಿಸಿದ್ದು... ಅದಕ್ಕಾ?

“ಇಲ್ಲಿಂದ ನೇರ ನಿಮ್ಮನೇಗೇ ಬರೋರಿದ್ದೋ,” ಎಂದ ಹೊನ್ನಯ್ಯ. ಅವನ ಕಣ್ಣು ತುಂಬಿತ್ತು. “ಮಾತು ತಪ್ಪಿದೆ ಇಂದ್ರಾ. ನೆನ್ನೆ ಮೋಡ ಕಟ್ತಿದ್ದಂಗೇ ಅಕ್ಕ ಕಣ್ಮುಂದೆ ಬಂದ್ಳು. ಅವ್ವನ್ನ ಕೂರ್ಸ್ಕೊಂಡು ಅದೇ ಏರಿ ಮೇಲೆ ಹೂತೋದ್ರೆ ಅನ್ನಿಸ್ತು... ಮಂಡ್ಯಕ್ಕೆ ಹೋಗಿ ಟಯರು ಆಕ್ಸ್‌ಬುಟ್ಟೆ. ಒಂದು ಸಾವಿಗೆ ಹೆದ್ರಿ ಹನ್ನೆರಡು ಸಾವು ಹೊತ್ಕೊಂಡು ಬಂದಿದ್ದೆ.”

ಅವಳಿಗೆ ಅವನ ಕೆನ್ನೆಗೆ ಎರಡು ಬಾರಿಸಬೇಕೆನಿಸಿತು. ಹಾಗೇ ಎದೆಗೊರಗಿ ಅಳಬೇಕೆನಿಸಿತು. ಪೇಟೆ ಬೀದಿಯ ನಡುವೆ ಎರಡೂ ಆಗುವಂಥದ್ದಲ್ಲ.

ಜೀಪು ಅಲ್ಲೇ ಉಳಿಯಿತು. ಹೆಣ್ಣು ಕೇಳುವ ದಿಬ್ಬಣ ಬೋರಯ್ಯನ ಬಸ್ಸು ಹತ್ತಿತು, ಕೇಳಬೇಕಾದ ಹೆಣ್ಣನ್ನೂ ಕೂರಿಸಿಕೊಂಡು! ಇಂಥದ್ದನ್ನು ಮದ್ದೂರು ಹಿಂದೆಂದೂ ಕಂಡಿರಲಿಕ್ಕಿಲ್ಲ. ದೇವಿರಮ್ಮನ ಪಕ್ಕ ಇಂದ್ರಮ್ಮ ಕೂತಳು. ಕಂಬಿ ಹಿಡಿದು ಹೊನ್ನಯ್ಯ ಅವಳ ಪಕ್ಕದಲ್ಲೇ ನಿಂತ.

ಇಳಿಜಾರು ಶುರುವಾಯಿತು. ಮತ್ತೆ ಹನಿ ಬೀಳತೊಡಗಿತ್ತು. ಮಾತಾಡುತ್ತಿದ್ದ ನೆಂಟರೆಲ್ಲ ಕಿಟಕಿಗೆ ಬಗ್ಗಿದರು. ಒಡೆದ ಗೋಡೆ ಹತ್ತಿರ ಹತ್ತಿರ ಬಂತು, ಅದರಾಚೆ ಕೆಂಪು ನೀರು.

“ಇಂದ್ರಾ... ನೀನು ಬರದೇ ಇದ್ದಿದ್ರೆ...”

“ಮಾತಾಡ್ಬೇಡಿ! ತಿರುವು ಕಳೀಲಿ.”

ಡ್ರೈವರ್ ಬ್ರೇಕ್ ಒತ್ತಿದ. ಬಸ್ಸು ಎಡಕ್ಕೆ ಹೊರಳಿತು. ಅವಳು ಕಣ್ಣು ಮುಚ್ಚಿ, ಕಂಬಿಯ ಮೇಲಿದ್ದ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸೇತುವೆ ದಾಟಿದ ಮೇಲೂ ಬಿಡಲಿಲ್ಲ.

“ಈಗ ಹೇಳಿ,” ಎಂದಳು ಕಣ್ಣು ಬಿಡದೆ.

“ನಿಮ್ಮಪ್ಪನ್ನ ಕೇಳೋದು ಆಮೇಲೆ. ಮೊದಲು ನಿನ್ನ ಕೇಳ್ತೀನಿ. ನನ್ನ ಜೊತೆ ದುದ್ದಕ್ಕೆ ಬತ್ತೀಯಾ?”

“ಯಾವ ಟಯರಲ್ಲಿ?”

“ಹಳೇ ಟಯರಲ್ಲೇ. ನೀನು ಪ್ಲೇಟು ಕೂರ್ಸೋಗಂಟ ದೊಡ್ಡ ಟಯರು ಮುಟ್ಟಾಕಿಲ್ಲ. ಹೂತೋದ್ರೆ ಇಬ್ರೂ ತಳ್ಳೋಣ... ಬೋಲ್ಟು ಮಾತ್ರ ನೀನೇ ಬಿಗೀಬೇಕು.”

ಅವಳ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

“ಬಿಗೀತೀನಿ,” ಎಂದಳು.