ಕ್ರೀಡಾಕೂಟ ಎಂದು ಬರೆದ ಡಬ್ಬಿ

"ಕತ್ತರಿ, ನೀನು ಸುರುಳಿ ಮುಟ್ಟಬೇಡ. ಮೊದಲು ಒಂದು ಬಕೆಟ್ ನೀರು ತಾ."

ಡಬ್ಬಿಯ ತುಂಬ ನೀರು, ಅದರಲ್ಲಿ ಮುಳುಗಿದ ಹಳೆಯ ಚಿತ್ರಸುರುಳಿ. ಇನ್ನಷ್ಟು ನೀರು ಯಾಕೆಂದು ಕತ್ತರಿಗೆ ಹೊಳೆಯಲಿಲ್ಲ. ಆ ಟೀವಿ ಕೇಂದ್ರದಲ್ಲಿ ಚಿತ್ರಗಳನ್ನು ಕತ್ತರಿಸಿ ಜೋಡಿಸುವುದು ಅವನ ಕೆಲಸ. ನಿಜವಾದ ಹೆಸರು ಎಲ್ಲರಿಗೂ ಮರೆತೇಹೋಗಿತ್ತು. ಆದರೂ ಮರುಮಾತಾಡದೆ ತಂದ. ಹೇಳಿದವಳು ಇತಿಹಾಸದಕ್ಕ. ಕೇಂದ್ರದ ಚರಿತ್ರೆಯ ಕಾರ್ಯಕ್ರಮಗಳಿಗೆಲ್ಲ ಆಕೆಯೇ ಆಧಾರ. ಕಳೆದದ್ದು, ಕೆಟ್ಟದ್ದು, ಕದ್ದದ್ದು ಏನಿದ್ದರೂ ಅಲ್ಲಿನವರು ಮೊದಲು ತಟ್ಟುತ್ತಿದ್ದುದು ಆಕೆಯ ಬಾಗಿಲನ್ನೇ.

ಅಂದು ಸಂಜೆ ಪ್ರಸಾರವಾಗಬೇಕಿದ್ದದ್ದು ಹಳೆಯ ಗಿರಣಿಯ ಬೆಂಕಿಯ ಕತೆ. ನೂಲುವ ಹೆಂಗಸರು ಗಾಬರಿಯಲ್ಲಿ ಬಾಗಿಲು ತೆರೆಯಲಾರದೆ ಸತ್ತರೆಂದು ಊರೆಲ್ಲ ನಂಬಿತ್ತು. ಗಿರಣಿಯ ಛಾಯಾಗ್ರಾಹಕ ತೆಗೆದಿದ್ದ ಮೂಕಚಿತ್ರ ಬೇರೆಯದನ್ನೇ ಹೇಳುತ್ತಿತ್ತು: ಕಿಟಕಿಗಳಲ್ಲಿ ಹೊಗೆ, ಬಾಗಿಲಿಗೆ ಹೊರಗಿನಿಂದ ಹಾಕಿದ ಚಿಲಕ, ಪಕ್ಕದಲ್ಲಿ ಬೀಗದ ಕೈ ಗೊಂಚಲು ಹಿಡಿದು ಸುಮ್ಮನೆ ನಿಂತ ಮೇಲ್ವಿಚಾರಕ. ಹೆದರಿದ ಛಾಯಾಗ್ರಾಹಕ ಆ ಸುರುಳಿಯನ್ನು 'ಕ್ರೀಡಾಕೂಟ' ಎಂಬ ಚೀಟಿ ಅಂಟಿಸಿದ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ. ಅವನ ಮೊಮ್ಮಗಳು ಕೊಟ್ಟ ಡಬ್ಬಿಗಳನ್ನು ಅಕ್ಕ, ಕತ್ತರಿ ಇಬ್ಬರೇ ಹಿಂದಿನ ದಿನ ಮೇಜಿನ ಪುಟ್ಟ ಪರದೆಯಲ್ಲಿ ನೋಡಿದ್ದರು. ಪ್ರತಿ ತೆಗೆಯುವ ಯಂತ್ರ ಮರುದಿನ ಬರಬೇಕಿತ್ತು.

ಸುದ್ದಿ ತಿಳಿದು ಕೇಂದ್ರದ ವ್ಯವಸ್ಥಾಪಕ ಓಡಿಬಂದ. ಡಬ್ಬಿಗಳಿದ್ದ ಕಪಾಟಿನ ಮೇಲಿನ ಏಸಿಯತ್ತ ಕೈ ತೋರಿಸಿದ. "ಎಷ್ಟು ಸಲ ಹೇಳಿದೀನಿ, ಇದು ಸೋರುತ್ತೆ ಅಂತ. ಹೋಗ್ಲಿ, 'ಬೆಂಕಿ' ಅಂತ ಬರೆದಿರೋ ಡಬ್ಬಿ ಸರಿಯಾಗಿದೆ ತಾನೆ?"

"ಸರಿಯಾಗಿದೆ. ಅದರಲ್ಲಿ ಬೆಂಕಿ ಆರಿಸೋ ಗಾಡಿ ಬಿಟ್ರೆ ಏನೂ ಇಲ್ಲ," ಎಂದಳು ಅಕ್ಕ. "ನಮ್ಮ ಸಾಕ್ಷಿ ಇದ್ದದ್ದು ಈ ಕ್ರೀಡಾಕೂಟದಲ್ಲಿ."

ಅವನು ಹುಬ್ಬೇರಿಸಿದ. "ಅಂದ್ಮೇಲೆ ಸಾಕ್ಷೀನೇ ಇಲ್ಲ. ಕಾರ್ಯಕ್ರಮ ಬಿಟ್ಬಿಡಿ ಮೇಡಂ. ಗಿರಣಿ ಮನೆತನದವರನ್ನ ಯಾಕೆ ಎದುರು ಹಾಕ್ಕೋಬೇಕು?"

ಅಕ್ಕ ಸುರುಳಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿದಳು. ಡಬ್ಬಿಯ ಮುಚ್ಚಳವನ್ನು ಬೆಳಕಿಗೆ ಹಿಡಿದು, ಮಸಿಯಲ್ಲಿ ಬರೆದ ಚೀಟಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕತ್ತರಿಯನ್ನು ಪಕ್ಕಕ್ಕೆ ಕರೆದಳು.

"ನಿನ್ನೆ ಧ್ವನಿಮುದ್ರಣ ಅರ್ಧಕ್ಕೆ ನಿಂತಿತಲ್ಲ, ಯಾಕೆ?"

"ನಿರೂಪಕರಿಗೆ ಗಂಟಲು ಕಟ್ಟಿತು ಅಕ್ಕ. ನಾವು ಸುರುಳಿ ನೋಡ್ತಿದ್ವಲ್ಲ, ಆಗ್ಲೇ ಎದ್ದು ಹೋದ್ರು."

ನಿರೂಪಕನದು ಕಂಚಿನ ಕಂಠ. ತನ್ನ ತಾತ ಅದೇ ಗಿರಣಿಯಲ್ಲಿ ಮೇಲ್ವಿಚಾರಕರಾಗಿದ್ದರೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವನು. ಅವನು ಓದುತ್ತಿದ್ದ ಗಾಜಿನ ಕೋಣೆ ಆ ಮೇಜಿನ ಎದುರಿಗೇ ಇತ್ತು.

ಮಧ್ಯಾಹ್ನ ಅಕ್ಕ ವ್ಯವಸ್ಥಾಪಕ, ಕತ್ತರಿ, ನಿರೂಪಕ ಮೂವರನ್ನೂ ಕೂರಿಸಿದಳು.

"ನೀರು ಮೇಲಿಂದ ಸೋರಿದ್ರೆ ಮೊದಲು ನೆನೀಬೇಕಾದ್ದು ಈ ಚೀಟಿ. ನೋಡಿ, ಒಂದಕ್ಷರಾನೂ ಕದಡಿಲ್ಲ. ಅಂದ್ರೆ ಮುಚ್ಚಳ ತೆಗೆದು, ನೀರು ಸುರಿದು, ಮತ್ತೆ ಮುಚ್ಚಿದಾರೆ. ಈ ಕೋಣೆಗೆ ಬೀಗ ಇಲ್ಲ, ಯಾರು ಬೇಕಾದ್ರೂ ಬರಬಹುದು. ಆದ್ರೆ ಸುರುಳಿ ನೋಡದವರಾಗಿದ್ರೆ ಕೈ ಹಾಕ್ತಿದ್ದದ್ದು 'ಬೆಂಕಿ' ಡಬ್ಬಿಗೆ. ಸರ್ ಕೂಡ ಕೇಳಿದ್ದು ಅದನ್ನೇ. ಹಾಗಾಗಿ ಅವರಲ್ಲ."

ವ್ಯವಸ್ಥಾಪಕ ಕತ್ತರಿಯ ಕಡೆ ತಿರುಗಿದ.

"ಅವನೂ ಅಲ್ಲ. ಕೆಡಿಸಲೇಬೇಕು ಅಂದಿದ್ರೆ ಇವನಿಗೆ ಕತ್ತರಿ ಇರಲಿಲ್ವಾ? ನೀರಿಂದ ಸುರುಳಿ ಸಾಯೋದಿಲ್ಲ. ಫಿಲ್ಮು ಹುಟ್ಟೋದೇ ನೀರಿನಲ್ಲಿ, ತೊಳೆದೇ ಅದನ್ನ ತಯಾರು ಮಾಡೋದು. ಒದ್ದೆ ಸುರುಳಿ ಸುತ್ತಿದ ಹಾಗೇ ಒಣಗಿದ್ರೆ ಅಂಟಿಕೊಂಡು ಹಾಳಾಗುತ್ತೆ, ನೀರಲ್ಲೇ ಇದ್ರೆ ಉಳಿಯುತ್ತೆ. ಕೆಡಿಸಲೇಬೇಕು ಅಂದಿದ್ರೆ ಇವನಿಗೆ ಕತ್ತರಿ ಇರಲಿಲ್ವಾ? ಇನ್ನು ಈ ಡಬ್ಬಿಯಲ್ಲಿ ಏನಿದೆ ಅಂತ ಗೊತ್ತಿದ್ದವರು ಯಾರು? ಗಾಜಿನ ಆಚೆ ಕೂತು ಪರದೆ ನೋಡಿದವರು. ನೋಡಿ, ಮಾತು ನಿಂತುಹೋದವರು."

ನಿರೂಪಕ ತಲೆ ಎತ್ತಲಿಲ್ಲ. "ನನ್ನನ್ನ ಹೆಗಲ ಮೇಲೆ ಹೊತ್ತು ಬೆಳೆಸಿದ ತಾತ ಅಕ್ಕ. ಅವರು ಕೆಟ್ಟವರಲ್ಲ."

"ಇರಬಹುದಪ್ಪ. ನಿನ್ನನ್ನ ಹೊತ್ತ ಹೆಗಲೂ ನಿಜ, ಆ ಚಿಲಕಾನೂ ನಿಜ. ಒಂದನ್ನ ಉಳಿಸೋಕೆ ಇನ್ನೊಂದನ್ನ ಮುಳುಗಿಸಬೇಡ."

ಆಕೆ ಪಕ್ಕದ ಕೋಣೆಯ ಬಾಗಿಲು ತೆರೆದಳು. ಬೆಳಿಗ್ಗೆಯೇ ತೊಳೆದು ಹರಡಿದ್ದ ಫಿಲ್ಮು ಗೋಡೆಯಿಂದ ಗೋಡೆಗೆ ತೂಗುತ್ತಿತ್ತು. ಕತ್ತರಿ ಭೂತಗನ್ನಡಿ ಹಿಡಿದು ನೋಡಿದ. ಅಂಚು ಅಲ್ಲಲ್ಲಿ ಸುಲಿದಿತ್ತು. ಚಿಲಕ ಮಾತ್ರ ಇದ್ದಲ್ಲೇ ಇತ್ತು.

"ಸಿಕ್ಕಿದ್ರೂ ಬೇಡ," ಎಂದ ವ್ಯವಸ್ಥಾಪಕ. "ಆ ಬಾಗಿಲಿನ ಭಾಗ ತೆಗೆದು ಪ್ರಸಾರ ಮಾಡಿ. ಇಲ್ಲಾಂದ್ರೆ ನಾಳೆಯಿಂದ ನೀವು ಬರೋದೇ ಬೇಡ."

"ಆ ಚಿಲಕ ಅವತ್ತು ತೆಗೀಬೇಕಿತ್ತು, ಯಾರೂ ತೆಗೀಲಿಲ್ಲ. ಇವತ್ತು ತೆಗಿ ಅಂದ್ರೆ ನಾನು ತೆಗೆಯಲ್ಲ. ಬೇಕಾದ್ರೆ ನನ್ನನ್ನ ತೆಗೀರಿ."

"ನನ್ನನ್ನೂ," ಎಂದ ಕತ್ತರಿ. ಮನೆಯಲ್ಲಿ ಏನು ಹೇಳುವುದೆಂಬ ಯೋಚನೆ ಆಮೇಲೆ ಬಂತು.

ನಿರೂಪಕ ಎದ್ದ. ಮನೆಗೆ ಹೊರಟನೆಂದುಕೊಂಡರು. ಅವನು ಗಾಜಿನ ಕೋಣೆಗೆ ಹೋಗಿ ಮೈಕಿನ ಮುಂದೆ ಕುಳಿತ. "ನಾನೇ ಓದ್ತೀನಿ. ನೇರಪ್ರಸಾರದಲ್ಲೇ. ಯಂತ್ರ ಬಂದ ಕೂಡ್ಲೇ ಪ್ರತಿ ತೆಗೀರಿ."

ಸಂಜೆ ಪರದೆಯ ಮೇಲೆ ಹೊಗೆ ಕಾಣಿಸಿತು. ಸತ್ತ ಹೆಂಗಸರ ಹೆಸರುಗಳನ್ನು ಅವನು ಒಂದೊಂದಾಗಿ, ಅವಸರವಿಲ್ಲದೆ ಓದಿದ. ವ್ಯವಸ್ಥಾಪಕ ಒಳಗೆ ಬಂದು ನಿಲ್ಲಿಸುವಂತೆ ಸನ್ನೆ ಮಾಡಿದ. ಕತ್ತರಿ ಪ್ರಸಾರದ ಗುಂಡಿಗಳ ಮುಂದಿನ ಕುರ್ಚಿ ಬಿಟ್ಟು ಏಳಲಿಲ್ಲ. ಪರದೆಯಲ್ಲಿ ಬಾಗಿಲು ಬಂತು, ಚಿಲಕ ಬಂತು, ಗೊಂಚಲು ಹಿಡಿದ ಮನುಷ್ಯ ಬಂದ.

ಆ ಜಾಗದಲ್ಲಿ ಅಕ್ಕ ಬರೆದುಕೊಟ್ಟಿದ್ದುದು ಮೇಲ್ವಿಚಾರಕನ ಹೆಸರು ಮಾತ್ರ. ನಿರೂಪಕ ಅದನ್ನು ಓದಿದ. ಬರೆದಿರದ ಮಾತೊಂದನ್ನು ಸೇರಿಸಿದ.

"ಇವರು ನನ್ನ ತಾತ."